ಮಾವನ ಜಾವಾಗೆ ಹೊಸ ಕಿಡಿ

ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ. ಜಡಿಮಳೆ ಆಗಷ್ಟೇ ನಿಂತಿತ್ತು. ಕಾಪುವಿನಿಂದ ಎರ್ಮಾಳಿಗೆ ಬರುತ್ತಿದ್ದ ಮಾವನ ಜಾವಾ ಬೈಕು ಉಚ್ಚಿಲದ ಹತ್ತಿರ ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಹೆದ್ದಾರಿಯ ಅಂಚಿನಲ್ಲಿ, ಲಾರಿಗಳು ನೀರು ಚಿಮ್ಮಿಸುತ್ತ ಹೋಗುವಲ್ಲಿ, ಮಾವ ಮೊಣಕಾಲೂರಿ ಕುಳಿತು ಎಂಜಿನ್ನಿನ ಬಲಬದಿಯ ಮುಚ್ಚಳ ಬಿಚ್ಚಿದರು. ಒದ್ದೆಯಾದ ಪಾಯಿಂಟನ್ನು ಕರವಸ್ತ್ರದಿಂದ ಒರೆಸಿ, ಚೂರು ಮರಳುಕಾಗದದಿಂದ ಉಜ್ಜಿ, ಮತ್ತೆ ಮುಚ್ಚಿದರು. ಬೈಕು ಒಂದೇ ಕಿಕ್ಕಿಗೆ ಹೊರಟಿತು. ಆದರೆ ಮಾವನಿಗೆ ಎದ್ದು ನಿಲ್ಲಲಾಗಲಿಲ್ಲ. ದಾರಿಹೋಕರಿಬ್ಬರು ಕೈಹಿಡಿದು ಎಬ್ಬಿಸಬೇಕಾಯಿತು.

ಮನೆಗೆ ಬಂದವರೇ ಜಗಲಿಯಲ್ಲಿ ಕುಳಿತು, "ಇನ್ನು ಇದು ಆಗ್ಲಿಕ್ಕಿಲ್ಲ ಮಾರಾಯ. ಬೈಕಿಗೇನೂ ಆಗಿಲ್ಲ, ನನ್ನ ಮೊಣಕಾಲಿಗೆ ಆಗಿದೆ. ಯಾರಿಗಾದರೂ ಕೊಟ್ಟುಬಿಡುವ" ಎಂದರು.

ಮಾವನಿಗೆ ಈಗ ಎಪ್ಪತ್ತೆರಡು. ಮೇಷ್ಟ್ರ ಕೆಲಸ ಸಿಕ್ಕಿದ ಹೊಸತರಲ್ಲಿ ಕೊಂಡ ಹಳೆಯ ಬೈಕು ಇದು. ಕಾರ್ಖಾನೆಯಿಂದ ಹೊರಬಿದ್ದದ್ದು 1968ರಲ್ಲಿ. ಪಡುಬಿದ್ರಿಯಿಂದ ಬೆಳ್ಮಣ್ ದಾರಿಯಾಗಿ ಕಾರ್ಕಳದ ಕಡೆಯ ಶಾಲೆಗೆ ವರ್ಷಗಟ್ಟಲೆ ಇದರಲ್ಲೇ ಹೋಗಿಬಂದವರು. ಅಮ್ಮನ ಮದುವೆಯ ಓಡಾಟ, ಅಜ್ಜಿಯ ಆಸ್ಪತ್ರೆ, ನನ್ನ ಮೊದಲ ದಿನದ ಕಾಲೇಜು, ಎಲ್ಲಕ್ಕೂ ಇದೇ ವಾಹನ. ಅಳಿಯಕಟ್ಟಿನ ಊರು ನಮ್ಮದು, ಮಾವನ ಆಸ್ತಿಗೆ ಅಳಿಯನೇ ಹಕ್ಕುದಾರ ಎಂದು ಚಿಕ್ಕಂದಿನಲ್ಲಿ ತಮಾಷೆ ಮಾಡುತ್ತಿದ್ದೆ. ಈಗ ಬೈಕು ಮನೆಯಿಂದಲೇ ಹೋಗುವ ಮಾತು ಬಂದಾಗ ತಮಾಷೆ ನೆನಪಾಗಲಿಲ್ಲ.

"ಕೊಡುವುದು ಬೇಡ ಮಾವ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ" ಎಂದೆ.

ಮಾವ ಉತ್ತರಿಸಲಿಲ್ಲ. ಎಂಟನೆಯ ತರಗತಿಯ ನನ್ನ ಮಗಳು ಮಾತ್ರ, "ಇಗ್ನಿಷನ್ ಅಂದರೆ ಕೀ ತಿರುಗಿಸುವುದಲ್ವಾ? ಅದನ್ನು ಯಾಕೆ ಬದಲಿಸಬೇಕು?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಆರು ವೋಲ್ಟಿನಿಂದ ಸಾವಿರಾರು ವೋಲ್ಟಿಗೆ

ಪೆಟ್ರೋಲ್ ಎಂಜಿನ್ನಿನ ಒಳಗೆ ಪೆಟ್ರೋಲಿನ ಆವಿ ಮತ್ತು ಗಾಳಿ ಬೆರೆತು, ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ ಕುಗ್ಗಿರುತ್ತವೆ. ಅದಕ್ಕೆ ಬೆಂಕಿ ತಗುಲಿಸುವುದೇ ಇಗ್ನಿಷನ್ನಿನ ಕೆಲಸ. ಬೆಂಕಿ ತಗುಲಿಸುವುದು ಸ್ಪಾರ್ಕ್ ಪ್ಲಗ್ಗಿನ ತುದಿಯ ಸಣ್ಣ ಕಿಡಿ. ಒತ್ತಿಹಿಡಿದ ಗಾಳಿಯನ್ನು ಸೀಳಿಕೊಂಡು ಆ ಕಿಡಿ ಹಾರಬೇಕಾದರೆ ಹತ್ತಾರು ಸಾವಿರ ವೋಲ್ಟ್ ಬೇಕು. ಹಳೆಯ ಜಾವಾದ ಬ್ಯಾಟರಿಯಲ್ಲಿರುವುದು ಬರೇ 6 ವೋಲ್ಟ್.

ಈ ಅಂತರವನ್ನು ದಾಟಿಸುವುದು ಇಗ್ನಿಷನ್ ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಸುರುಳಿಗಳಿವೆ. ಒಂದು ದಪ್ಪ ತಂತಿಯದು, ಸುತ್ತು ಕಡಿಮೆ. ಇನ್ನೊಂದು ಕೂದಲಿನಷ್ಟು ತೆಳು, ಸುತ್ತು ಸಾವಿರಾರು. ದಪ್ಪ ತಂತಿಯಲ್ಲಿ ಕರೆಂಟು ಹರಿಯುವಾಗ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕರೆಂಟನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ, ಕುಸಿಯುವಾಗ ತೆಳು ತಂತಿಯಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ. ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದ ಪಾಠವೇ ಇದು. ಶಾಲೆಯ ವಿಜ್ಞಾನ ಪುಸ್ತಕದಲ್ಲೂ ಇದೆ.

ಆ 'ಥಟ್ಟನೆ ಕಡಿಯುವ' ಕೆಲಸ ಪಾಯಿಂಟಿನದು. ಒಂದಕ್ಕೊಂದು ತಾಗಿಕೊಂಡಿರುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಎಂಜಿನ್ ತಿರುಗಿದಂತೆ ಒಂದು ಉಬ್ಬು ಬಂದು ಅವನ್ನು ಬೇರ್ಪಡಿಸುತ್ತದೆ. ಬೇರ್ಪಟ್ಟ ಕ್ಷಣದಲ್ಲೇ ಕಿಡಿ. ಬಿಲ್ಲೆಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಪಕ್ಕದಲ್ಲೊಂದು ಕಂಡೆನ್ಸರ್ ಇರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕಾರುಗಳಿಗೆ ರೂಪಿಸಿಕೊಟ್ಟ ಈ ಏರ್ಪಾಡು ಎಪ್ಪತ್ತು ವರ್ಷ ಲೋಕದ ವಾಹನಗಳನ್ನು ಓಡಿಸಿತು.

ಮಕ್ಕಳೇ, ಲೆಕ್ಕ ಹಾಕಿ

ಮಾವನ ಜಾವಾ ಟೂ ಸ್ಟ್ರೋಕ್ ಬೈಕು. ಎಂಜಿನ್ ಒಂದು ಸುತ್ತು ತಿರುಗಿದರೆ ಒಂದು ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 67 ಕಿಡಿ! ಒಂದು ಗಂಟೆಯ ಪ್ರಯಾಣಕ್ಕೆ 2,40,000 ಸಲ ಆ ಪುಟ್ಟ ಬಿಲ್ಲೆಗಳು ಕೂಡಿ ಬಿಡಬೇಕು.

ಕಿಡಿ ಬಂದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಪಿಸ್ಟನ್ ತುತ್ತತುದಿ ಮುಟ್ಟಲು ಇನ್ನೂ ಕೆಲವು ಮಿಲಿಮೀಟರ್ ಇರುವಾಗಲೇ ಕಿಡಿ ಹಾರಬೇಕು, ಏಕೆಂದರೆ ಬೆಂಕಿ ಹರಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ತಡವಾದರೆ ಬೈಕು ಸೊರಗುತ್ತದೆ, ಎಂಜಿನ್ ಕಾಯುತ್ತದೆ. ತೀರಾ ಬೇಗವಾದರೆ ಪಿಸ್ಟನ್ನಿಗೆ ಎದುರೇಟು; ಕಿಕ್ ಹೊಡೆಯುವವರ ಕಾಲಿಗೂ ಏಟು. 4,000 ಸುತ್ತಿನ ವೇಗದಲ್ಲಿ ಎಂಜಿನ್ ಒಂದು ಡಿಗ್ರಿ ತಿರುಗಲು ಬೇಕಾಗುವುದು ಸೆಕೆಂಡಿನ 24,000ದಲ್ಲಿ ಒಂದು ಪಾಲು ಮಾತ್ರ.

ಪಾಯಿಂಟಿನ ತೊಂದರೆ ಇಲ್ಲೇ. ಉಬ್ಬಿನ ಮೇಲೆ ಉಜ್ಜುತ್ತ ಅದರ ಹಿಮ್ಮಡಿ ಸವೆಯುತ್ತದೆ. ಬಿಲ್ಲೆಗಳ ನಡುವಿನ ಸುಮಾರು 0.4 ಮಿ.ಮೀ. ಅಂತರ ಕಡಿಮೆಯಾಗುತ್ತ ಹೋಗಿ ಕಿಡಿ ತಡವಾಗುತ್ತದೆ. ಬಿಲ್ಲೆಯ ಮೈ ಸುಟ್ಟು ಗುಳಿಬೀಳುತ್ತದೆ. ಎರ್ಮಾಳಿನಂಥ ಕಡಲಂಚಿನ ಊರಾದರೆ ಇನ್ನೂ ಒಂದು ಕಾಟವಿದೆ: ಉಪ್ಪುಗಾಳಿ. ಮಳೆಗಾಲದಲ್ಲಿ ನಾಲ್ಕು ದಿನ ಬೈಕು ಹೊರತೆಗೆಯದಿದ್ದರೆ ಬಿಲ್ಲೆಗಳ ಮೇಲೆ ಕಿಲುಬಿನ ತೆಳುಪೊರೆ ಕೂತಿರುತ್ತದೆ. 6 ವೋಲ್ಟಿನ ಸಣ್ಣ ಕರೆಂಟಿಗೆ ಆ ಪೊರೆಯೇ ಗೋಡೆ.

ಮೈಸೂರಿನ ಬೈಕು

ಜಾವಾ ಹುಟ್ಟಿದ್ದು ಚೆಕ್ ನಾಡಿನಲ್ಲಿ. ಪ್ರಾಗ್ ನಗರದ ಫ್ರಾಂಟಿಸೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಯ ಹಕ್ಕು ಪಡೆದ. ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿ 'ಜಾವಾ' ಆಯಿತು. ನಮ್ಮ ರಾಜ್ಯಕ್ಕೆ ಅದು ಬಂದದ್ದು ಇರಾನಿ ಕುಟುಂಬದವರಿಂದ. ಐಡಿಯಲ್ ಜಾವಾ ಎಂಬ ಹೆಸರಿನಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದು, 1961ರಲ್ಲಿ ಬೈಕುಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಅವುಗಳ ಹೆಸರು 'ಯಜ್ಡಿ' ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ, 2022ರಲ್ಲಿ ಯಜ್ಡಿ ಹೆಸರೂ ಹೊಸ ಕಂಪನಿಯ ಹೊಸ ಬೈಕುಗಳ ಮೇಲೆ ಮರಳಿ ಬಂದಿವೆ.

ಹಳೆಯ ಜಾವಾದ ಗುರುತು ಹಿಡಿಯುವುದು ಸುಲಭ. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಪೆಡಲೇ ಮುಂದಕ್ಕೆ ಮಡಚಿದರೆ ಗೇರ್ ಪೆಡಲ್ ಆಗುತ್ತದೆ. ಶಬ್ದ ಕೇಳಿದರಂತೂ ಬೇರೆ ಗುರುತೇ ಬೇಡ.

ಅದೇ ಕಾಲದಲ್ಲಿ ಬೇರೆಡೆ ಪಾಯಿಂಟಿಗೆ ಬದಲಿ ಸಿದ್ಧವಾಗುತ್ತಿತ್ತು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಥೈರಿಸ್ಟರ್ ಎಂಬ ಬಿಡಿಭಾಗವನ್ನು ಹೊರತಂದಿತ್ತು. ಅದು ಸಣ್ಣ ಸನ್ನೆ ಸಿಕ್ಕಿದೊಡನೆ ಕರೆಂಟನ್ನು ಹರಿಯಬಿಡುವ ಬಾಗಿಲು. ಸವೆಯುವ ಬಿಲ್ಲೆಯಿಲ್ಲ, ಉಜ್ಜುವ ಹಿಮ್ಮಡಿಯಿಲ್ಲ. 1969ರಲ್ಲಿ ಜಪಾನಿನ ಕವಾಸಾಕಿ ತನ್ನ 500 ಸಿಸಿ ಬೈಕಿಗೆ ಇಂಥ ಇಗ್ನಿಷನ್ ಕೂರಿಸಿತು. ನಮ್ಮಲ್ಲಿ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಬೈಕಿನಲ್ಲೂ ಪಾಯಿಂಟ್ ಇರಲಿಲ್ಲ. ಹಳೆಯ ಬೈಕುಗಳಿಗೂ ಇದನ್ನು ಕೂರಿಸಲು ಈಗ ಕಿಟ್‌ಗಳು ಸಿಗುತ್ತವೆ. ಜಾವಾದ ತವರಾದ ಚೆಕ್ ದೇಶದಲ್ಲೇ ಜಾವಾಗೆಂದು ಇವನ್ನು ಮಾಡುವವರಿದ್ದಾರೆ.

ಮಾವನ ಮೂರು ಮಾತು

ಎರಡು ದಿನ ಬಿಟ್ಟು ಮಾವ ಬಾಯಿಬಿಟ್ಟರು. ಅವರದು ಮೂರು ಆಕ್ಷೇಪ.

"ಒಂದು, ಪಾಯಿಂಟ್ ಕೆಟ್ಟರೆ ದಾರಿಯಲ್ಲೇ ಸರಿಮಾಡಬಹುದು. ನಿನ್ನ ಎಲೆಕ್ಟ್ರಾನಿಕ್ ಡಬ್ಬಿ ಕೆಟ್ಟರೆ ಎಂತ ಮಾಡುವುದು? ಅದನ್ನು ಬಿಚ್ಚಿ ಉಜ್ಜಲಿಕ್ಕೆ ಆಗ್ತದಾ? ಎರಡು, ಹಳೆಯದು ಹಳೆಯದರ ಹಾಗೆಯೇ ಇರಬೇಕು. ಒಳಗಿನದ್ದೆಲ್ಲ ತೆಗೆದರೆ ಅದು ಜಾವಾ ಹೇಗಾಗ್ತದೆ? ಮೂರು, ನಾನು ಪಾಯಿಂಟ್ ಸೆಟ್ ಮಾಡಲಿಕ್ಕೆ ಕಲಿತದ್ದು ನೀರಿಗೆ ಹೋಯ್ತಾ?"

ಮೊದಲನೆಯದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ, ಅದು ನಿಜವೇ. ಎಲೆಕ್ಟ್ರಾನಿಕ್ ಭಾಗ ಕೆಡುವುದು ಅಪರೂಪ, ಆದರೆ ಕೆಟ್ಟರೆ ಬದಲಿಸಬೇಕಷ್ಟೆ. ಎರಡನೆಯದಕ್ಕೆ ಉತ್ತರ ಕೊಟ್ಟವಳು ಮಗಳು. "ಅಜ್ಜ, ಏನನ್ನೂ ಕತ್ತರಿಸುವುದು ಬೇಡ. ತೂತು ಕೊರೆಯುವುದೂ ಬೇಡ. ತೆಗೆದದ್ದನ್ನೆಲ್ಲ ಡಬ್ಬದಲ್ಲಿ ಇಡುವ. ನಿಮಗೆ ಬೇಕಾದ ದಿನ ಮತ್ತೆ ಹಾಕಿ." ಮಾವ ಅವಳನ್ನೇ ಸ್ವಲ್ಪ ಹೊತ್ತು ನೋಡಿ, "ಬರೆದಿಡು" ಎಂದರು. ಅವಳು ನೋಟುಪುಸ್ತಕದಲ್ಲಿ ಬರೆದಳು.

ಮೂರನೆಯ ಮಾತಿಗೆ ಆಗ ಯಾರೂ ಏನೂ ಹೇಳಲಿಲ್ಲ.

ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಕಿಟ್ ಬಂದ ಭಾನುವಾರ ಅಂಗಳದ ಚಪ್ಪರದಡಿ ಕೆಲಸ ಶುರು. ಮೊದಲು ಬ್ಯಾಟರಿಯ ತಂತಿ ಕಳಚಿದೆವು. ಮಗಳು ಪ್ರತಿ ತಂತಿಯ ಬಣ್ಣ, ಅದು ಸೇರುವ ಜಾಗ ಬರೆದುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದಳು. ಬಲಬದಿಯ ಮುಚ್ಚಳ ತೆಗೆದರೆ ಡೈನಮೋ ಕಾಣುತ್ತದೆ. ಪಾಯಿಂಟ್ ಕೂತಿರುವುದೂ ಅದರ ಮೇಲೆಯೇ.

ಬಿಚ್ಚುವ ಮೊದಲು ಮಾವ ಅವಳಿಗೊಂದು ಹಳೆಯ ಉಪಾಯ ತೋರಿಸಿದರು. ಸಿಗರೇಟ್ ಪೊಟ್ಟಣದ ತೆಳು ಕಾಗದವನ್ನು ಬಿಲ್ಲೆಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆದುಹಿಡಿಯಬೇಕು. ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸುತ್ತ ಹೋದರೆ ಒಂದು ಕಡೆ ಕಾಗದ ಜಾರಿ ಹೊರಬರುತ್ತದೆ. ಕಿಡಿ ಹಾರುವ ಕ್ಷಣ ಅದೇ! ಕಾಗದ ಕೈಗೆ ಬಂದಾಗ ಅವಳು ಜೋರಾಗಿ ನಕ್ಕಳು. ಕಣ್ಣಿಗೆ ಕಾಣದ ಟೈಮಿಂಗ್ ಬೆರಳಿಗೆ ಸಿಕ್ಕಿತ್ತು.

ಡೈನಮೋದ ತಿರುಗುವ ಭಾಗ ಎಂಜಿನ್ನಿನ ದಂಡದ ಇಳಿಜಾರು ತುದಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಬಡಿಯಲೇಬಾರದು. ಮಧ್ಯದ ಬೋಲ್ಟ್ ತೆಗೆದು ಪುಲ್ಲರ್ ಬೋಲ್ಟ್ ತಿರುಗಿಸಿದರೆ 'ಟಕ್' ಎಂದು ಬಿಟ್ಟುಕೊಳ್ಳುತ್ತದೆ. ಆ ಜಾಗವನ್ನು ಎಣ್ಣೆಪಸೆ ಇಲ್ಲದಂತೆ ಒರೆಸಿ, ಕಿಟ್‌ನ ತಂತಿಸುರುಳಿಯ ತಟ್ಟೆ ಕೂರಿಸಿದೆವು.

ಇನ್ನು ಟೈಮಿಂಗ್. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಅಳತೆಗಡ್ಡಿ ಇಳಿಸಿ, ಪಿಸ್ಟನ್ ತುತ್ತತುದಿಗೆ ಬಂದದ್ದನ್ನು ಗುರುತಿಸಿದೆವು. ಅಲ್ಲಿಂದ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿ, ಕಿಟ್‌ನ ಹಾಳೆಯಲ್ಲಿ ಹೇಳಿದಷ್ಟು ಮಿಲಿಮೀಟರ್ ಪಿಸ್ಟನ್ ಇಳಿಸಿ ನಿಲ್ಲಿಸಿದೆವು. ಕಾಂತವಿರುವ ಹೊಸ ಚಕ್ರವನ್ನು ದಂಡಕ್ಕಿಟ್ಟು, ಅದರ ಗೆರೆ ತಟ್ಟೆಯ ಗೆರೆಗೆ ಸರಿಹೊಂದುವಂತೆ ತಿರುಗಿಸಿ, ಅಲುಗದಂತೆ ಬೋಲ್ಟ್ ಬಿಗಿಮಾಡಿದೆವು. ಚಕ್ರ ತಿರುಗುವಾಗ ಅದರ ಕಾಂತಗಳು ಸುರುಳಿಗಳ ಮುಂದೆ ಹಾದು ಕರೆಂಟು ಹುಟ್ಟಿಸುತ್ತವೆ. ಅದು ಪುಟ್ಟ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಸರಿಯಾದ ಕ್ಷಣದಲ್ಲಿ ಸನ್ನೆ ಸಿಕ್ಕಿ, ತುಂಬಿದ್ದೆಲ್ಲ ಒಮ್ಮೆಲೇ ಕಾಯಿಲ್‌ಗೆ ನುಗ್ಗುತ್ತದೆ. ಬ್ಯಾಟರಿ ಇಲ್ಲದೆಯೂ ಕಿಡಿ ಬರುತ್ತದೆ.

ಎರಡು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಈ ಕಿಟ್ 12 ವೋಲ್ಟಿನದು. ಹಳೆಯ 6 ವೋಲ್ಟಿನ ಬಲ್ಬು ಬಿಟ್ಟರೆ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಬಲ್ಬು, ಹಾರ್ನು, ಬ್ಯಾಟರಿ ಮೂರೂ ಬದಲಾಗಬೇಕು. ಎರಡನೆಯದು ಕೀ. ಹಳೆಯ ಏರ್ಪಾಡಿನಲ್ಲಿ ಕೀ ತೆಗೆದರೆ ಬ್ಯಾಟರಿಯ ಕರೆಂಟು ಕಡಿದು ಎಂಜಿನ್ ನಿಲ್ಲುತ್ತದೆ. ಹೊಸದರಲ್ಲಿ ತದ್ವಿರುದ್ಧ. ನಿಲ್ಲಿಸುವ ತಂತಿಯನ್ನು ಬೈಕಿನ ಮೈಗೆ ತಾಗಿಸಿದರೆ ಮಾತ್ರ ನಿಲ್ಲುತ್ತದೆ. ಅದಕ್ಕೊಂದು ರಿಲೇ ಸೇರಿಸಿ, ಹಳೆಯ ಕೀಲಿಯೇ ಕೆಲಸ ಮಾಡುವಂತೆ ಮಾಡಿದೆವು. ಬ್ಯಾಟರಿ ಪೂರ್ತಿ ಸತ್ತ ದಿನ ರಿಲೇಯಿಂದ ಆ ತಂತಿ ಕಳಚಿದರೆ ಸಾಕು, ಬೈಕು ಹೊರಡುತ್ತದೆ.

ಕಿಡಿಯೇ ಇಲ್ಲ!

ಎಲ್ಲ ಮುಗಿಯಿತು. ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿಟ್ಟು ಕಿಕ್ ಹೊಡೆದೆ. ಕಿಡಿಯಿಲ್ಲ. ಹತ್ತು ಸಲ ಹೊಡೆದೆ. ಇಲ್ಲ.

ನಿಲ್ಲಿಸುವ ತಂತಿ ಕಳಚಿ ನೋಡಿದೆ. ಹೊಸ ಪ್ಲಗ್ ಹಾಕಿದೆ. ಪ್ಲಗ್ಗಿನ ಟೊಪ್ಪಿ ಬದಲಿಸಿದೆ. ಪ್ರತಿ ಕನೆಕ್ಟರ್ ಬಿಡಿಸಿ ಕೂಡಿಸಿದೆ. ಕತ್ತಲಾಯಿತು. ಮಾರನೆಯ ಸಂಜೆಯೂ ಅದೇ ಕಥೆ. ಡಬ್ಬದಲ್ಲಿದ್ದ ಹಳೆಯ ಪಾಯಿಂಟಿನ ಕಡೆ ಕಣ್ಣುಹೋಗುತ್ತಿತ್ತು. ಇಷ್ಟೆಲ್ಲ ಮಾಡಿ ಮಾವನ ಬೈಕನ್ನು ನಾನೇ ನಿಲ್ಲಿಸಿಬಿಟ್ಟೆನೇ ಎಂಬ ಅಳುಕು. ಕಿಟ್ಟೇ ಸರಿಯಿಲ್ಲ ಎಂದು ಒಂದೆರಡು ಬಾರಿ ಬೈದೂ ಆಯಿತು.

ಮಾವ ಜಗಲಿಯಿಂದಲೇ ಕೇಳಿದರು, "ಕಾಯಿಲ್ ಎಲ್ಲಿ ಕಟ್ಟಿದ್ದಿ?"

"ಟ್ಯಾಂಕಿನ ಅಡಿ, ಫ್ರೇಮಿಗೆ."

"ಅರ್ತ್ ನೋಡಿದೆಯಾ?"

"ಫ್ರೇಮಿಗೇ ಬೋಲ್ಟ್ ಹಾಕಿದ್ದೇನಲ್ಲ ಮಾವ."

"ಫ್ರೇಮಿಗಲ್ಲ, ನೀನು ಬಣ್ಣಕ್ಕೆ ಬೋಲ್ಟ್ ಹಾಕಿದ್ದು. ಹೋದ ವರ್ಷ ಬಣ್ಣ ಹೊಡೆಸಿದ ಮೇಲೆ ಹಿಂದಿನ ದೀಪ ಉರಿಯದೆ ಕೂತದ್ದು ನೆನಪುಂಟಾ?"

ನೆನಪಾಯಿತು. ದೀಪದ ಕರೆಂಟು ಬೈಕಿನ ಮೈಯ ಮೂಲಕ ಹಿಂದಿರುಗಬೇಕು. ದಪ್ಪ ಬಣ್ಣ ಆ ದಾರಿಯನ್ನು ಮುಚ್ಚಿತ್ತು. ಹಳೆಯ ಕಾಯಿಲ್‌ನ ಹೊರಮೈಗೆ ಅರ್ತ್ ಬೇಕಿರಲಿಲ್ಲ, ಹಾಗಾಗಿ ಬಣ್ಣದ ಮೇಲೂ ಅದು ಕೆಲಸ ಮಾಡಿತ್ತು. ಹೊಸ ಕಾಯಿಲ್‌ಗೆ ಅದು ಬೇಕು. ಹಾಳೆಯಲ್ಲಿ ಬರೆದಿತ್ತು, ನಾನು ಓದಿಯೂ ಇದ್ದೆ, ಬಣ್ಣ ಮಾತ್ರ ತಲೆಗೆ ಬಂದಿರಲಿಲ್ಲ.

ಬೋಲ್ಟ್ ಬಿಚ್ಚಿ, ಎಂಟಾಣೆಯಷ್ಟಗಲ ಬಣ್ಣ ಕೆರೆದು ಬೆಳ್ಳಗಿನ ಲೋಹ ಕಾಣಿಸಿದೆವು. ಕಾಯಿಲ್‌ನಿಂದ ಎಂಜಿನ್ನಿಗೆ ಬೇರೆಯೇ ಒಂದು ತಂತಿಯನ್ನೂ ಎಳೆದೆವು. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿದೆವು. ಮಗಳು ಟಾರ್ಚು ಆರಿಸಿದಳು. ಕಿಕ್ ಹೊಡೆದೆ.

ಟಪ್! ನೀಲಿ ಕಿಡಿ. ಹಳೆಯ 6 ವೋಲ್ಟಿನ ದಿನಗಳಲ್ಲಿ ನಾವು ಕಂಡದ್ದು ಹಳದಿ ಬಣ್ಣದ ಸಣಕಲು ಕಿಡಿ. ಪ್ಲಗ್ ಹಾಕಿ ಹೊಡೆದ ಎರಡನೆಯ ಕಿಕ್ಕಿಗೆ ಅಂಗಳ ತುಂಬ ಹೊಗೆ, ಕೋಳಿಗಳೆಲ್ಲ ಹಟ್ಟಿಗೆ.

"ಕಲಿತದ್ದು ನೀರಿಗೆ ಹೋಗಲಿಲ್ಲ ಅಜ್ಜ" ಎಂದಳು ಮಗಳು. ಆ ಮಾತು ಅವಳ ನೆನಪಿನಲ್ಲಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು.

ಮಾಡಿ ನೋಡುವವರಿಗೆ

ಮನೆಯಲ್ಲಿ ಹಳೆಯ ಬೈಕು ಇದ್ದರೆ, ಇಂಥ ಕೆಲಸಕ್ಕೆ ಕೈಹಾಕುವ ಮೊದಲು ನಾವು ಕಲಿತ ಕೆಲವು ಮಾತು:

ಮಕ್ಕಳು ದೊಡ್ಡವರ ಜೊತೆಗೇ ಕೆಲಸ ಮಾಡಬೇಕು. ಎಂಜಿನ್ ತಿರುಗುವಾಗ ಪ್ಲಗ್ಗಿನ ತಂತಿ ಮುಟ್ಟಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಏಟು ಪಾಯಿಂಟಿನ ಏಟಿಗಿಂತ ಜೋರು.

ಕಿಡಿ ಪರೀಕ್ಷಿಸುವಾಗ ಪ್ಲಗ್ ಎಂಜಿನ್ನಿನ ಮೈಗೆ ತಾಗಿರಲಿ. ತಾಗದೆ ಕಿಕ್ ಹೊಡೆದರೆ ಎಲೆಕ್ಟ್ರಾನಿಕ್ ಭಾಗವೇ ಕೆಡಬಹುದು. ಪ್ಲಗ್ ತೂತಿನಿಂದ ಪೆಟ್ರೋಲಿನ ಆವಿ ಬರುತ್ತದೆ, ಕಿಡಿಯನ್ನು ಅದರಿಂದ ದೂರವಿಡಿ.

ಬಣ್ಣ ಹೊಡೆದ ಬೈಕಾದರೆ ಮೊದಲು ಅರ್ತ್ ನೋಡಿ, ಆಮೇಲೆ ಬೇರೆಯದು.

ಹಳೆಯ ಭಾಗ ಗುಜರಿಗೆ ಹಾಕಬೇಡಿ.

ಮಳೆ ಬಿಟ್ಟ ಮೇಲೆ ಮಾವನೇ ಬೈಕು ಹೊರತೆಗೆದರು. ಉಚ್ಚಿಲ, ಮೂಳೂರು ದಾಟಿ ಕಾಪುವಿನ ದೀಪಸ್ತಂಭದವರೆಗೆ. 1901ರ ಆ ದೀಪಸ್ತಂಭದ ಕೆಳಗೆ ಬೈಕು ನಿಲ್ಲಿಸಿ ಸ್ವಲ್ಪ ಹೊತ್ತು ಕಡಲು ನೋಡಿ, ಮತ್ತೆ ಒಂದೇ ಕಿಕ್ಕಿಗೆ ಹೊರಡಿಸಿಕೊಂಡು ಬಂದರು. ಹೇಗಿತ್ತು ಎಂದು ಕೇಳಿದೆ. "ನಿಧಾನದಲ್ಲಿ ಚಂದ ಓಡ್ತದೆ. ಶಬ್ದ ಅದೇ ಉಂಟು" ಎಂದರು. ಮಾರುವ ಮಾತು ಆಮೇಲೆ ಬಂದಿಲ್ಲ.

ಹಳೆಯ ಡೈನಮೋ, ಪಾಯಿಂಟು, ಕಂಡೆನ್ಸರು, 6 ವೋಲ್ಟಿನ ಬಲ್ಬುಗಳು ಬಿಸ್ಕತ್ತಿನ ಡಬ್ಬವೊಂದರಲ್ಲಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಮಾವನ ಕಪಾಟಿನಲ್ಲಿವೆ. ಮೇಲೆ ಮಗಳ ಕೈಬರಹದ ಚೀಟಿ: ಯಾವ ಬಣ್ಣದ ತಂತಿ ಎಲ್ಲಿಗೆ. ಡಬ್ಬದೊಳಗೆ ಸಿಗರೇಟ್ ಪೊಟ್ಟಣದ ಒಂದು ತುಂಡು ಕಾಗದವನ್ನೂ ಅವಳು ಇಟ್ಟಿದ್ದಾಳೆ.